ಮೂರು ವರ್ಷಕ್ಕಾಗುವ ಕೋಲು

ಪ್ರೀತಿಯ ಮಕ್ಕಳೇ, ಅವರ ಪಕ್ಕದಲ್ಲೇ ಕನ್ನಡಕ ಏರಿಸಿಕೊಂಡು ಕೂತಿರುವ ಅಜ್ಜ ಅಜ್ಜಿಯರೇ,

ಈ ವಾರ ನನ್ನದೇ ಒಂದು ತಪ್ಪಿನ ಕಥೆ. ಹೇಳಲು ಸ್ವಲ್ಪ ಸಂಕೋಚವಾಗುತ್ತದೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ಮಕ್ಕಳ ಕೈಕಾಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಜಂಬ ಇತ್ತು. ಆ ಜಂಬ ಇಳಿದದ್ದು ನಾರ್ವೆ ದೇಶದ ಓಸ್ಲೋ ನಗರದಲ್ಲಿ.

ನಾನು ಹುಡುಗನಾಗಿದ್ದಾಗ ಜೂನ್ ತಿಂಗಳಲ್ಲಿ ಯೂನಿಫಾರ್ಮ್ ಹೊಲಿಸಲು ಹೋದರೆ, ನಮ್ಮಪ್ಪ ದರ್ಜಿಗೆ ಹೇಳುತ್ತಿದ್ದ ಮಾತು ಒಂದೇ: "ಬೆಳೆಯೋ ಹುಡುಗ, ದೊಡ್ಡದಾಗೇ ಹೊಲಿಯಪ್ಪ. ಕೆಳಗೆ ಮಡಚಿ ಹೊಲಿಗೆ ಹಾಕು." ಚಪ್ಪಲಿಯೂ ಅಷ್ಟೆ, ಒಂದು ನಂಬರ್ ದೊಡ್ಡದು. ಮೊದಲ ವರ್ಷ ಜಾರುತ್ತಿತ್ತು, ಎರಡನೆಯ ವರ್ಷ ಸರಿಯಾಗುತ್ತಿತ್ತು, ಮೂರನೆಯ ವರ್ಷ ತಮ್ಮನ ಕಾಲಿಗೆ ಹೋಗುತ್ತಿತ್ತು. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ದುಡ್ಡು ಉಳಿಸಲು ಒಳ್ಳೆಯ ದಾರಿ ಅದು. ಆದರೆ ಆ ಅಭ್ಯಾಸವನ್ನು ನಾನು ಸೂಟ್‌ಕೇಸಿನಲ್ಲಿ ಹುಣಸೆಹಣ್ಣಿನ ಜೊತೆ ಕಟ್ಟಿಕೊಂಡು ಓಸ್ಲೋಗೂ ಹೊತ್ತುಕೊಂಡು ಹೋದೆ.

ಮಗಳಿಗೆ ಎರಡನೆಯ ಬಾಣಂತನ. ನಾನೂ ನಮ್ಮ ಮನೆಯವರೂ ಮೂರು ತಿಂಗಳಿಗೆಂದು ಹೋಗಿದ್ದೆವು. ಚಳಿಗಾಲ. ಫುಟ್‌ಪಾತಿನ ಮೇಲೆಲ್ಲ ಮಂಜುಗಡ್ಡೆ, ಜನ ಜಾರದಿರಲೆಂದು ಅದರ ಮೇಲೆ ಸಣ್ಣ ಜಲ್ಲಿ ಚೆಲ್ಲಿರುತ್ತಾರೆ. ವಯಸ್ಸಾದವರು ಬೂಟಿನ ಅಡಿಗೆ ಮುಳ್ಳಿನ ಪಟ್ಟಿ ಸಿಕ್ಕಿಸಿಕೊಂಡು ನಡೆಯುತ್ತಾರೆ. ನಾರ್ವೆಯವರು ಕಾಲಿಗೆ ಸ್ಕೀ ಕಟ್ಟಿಕೊಂಡೇ ಹುಟ್ಟುತ್ತಾರೆ ಎಂಬ ಮಾತು ಅಲ್ಲಿದೆ. ಭಾನುವಾರ ಮೆಟ್ರೋ ಹತ್ತಿದರೆ ಅದು ನಿಜವೇ ಅನ್ನಿಸುತ್ತದೆ. ಅಜ್ಜಿ, ಮೊಮ್ಮಗ, ನಾಯಿಮರಿ ಎಲ್ಲರೂ ಕಾಡಿನ ಕಡೆಗೆ. ನಾಯಿಮರಿಯನ್ನು ಬಿಟ್ಟು ಉಳಿದವರ ಕೈಯಲ್ಲೆಲ್ಲ ಸ್ಕೀ ಮತ್ತು ಕೋಲು.

ಸ್ಕೀ ಎಂದರೆ ನಿಮಗೆ ಗೊತ್ತಿರಬೇಕು: ಬೂಟಿಗೆ ಸಿಕ್ಕಿಸುವ ಉದ್ದನೆಯ, ಕಿರಿದಾದ ಹಲಗೆಗಳು. ಅವುಗಳ ಮೇಲೆ ನಿಂತು ಹಿಮದಲ್ಲಿ ಜಾರಿ ಸಾಗುತ್ತಾರೆ. ತಳ್ಳಿಕೊಳ್ಳಲು, ತೂಕ ಸಂಭಾಳಿಸಲು ಎರಡು ಕೈಯಲ್ಲೂ ಒಂದೊಂದು ಕೋಲು.

ಮೊಮ್ಮಗಳು ಪುಟ್ಟಿಗೆ ಎಂಟು ವರ್ಷ. ಅವಳ ಶಾಲೆಯಲ್ಲಿ ಮುಂದಿನ ವಾರ ಸ್ಕೀ ದಿನ ಎಂದು ಚೀಟಿ ಬಂತು. ಮಗಳು ಹೇಳಿದಳು, "ಅಪ್ಪಾ, ಇಲ್ಲಿ ಲೈಬ್ರರಿಯಲ್ಲಿ ಪುಸ್ತಕ ಕೊಡೋ ಹಾಗೆ ಸ್ಕೀ, ಕೋಲು ಎಲ್ಲಾ ಪುಕ್ಕಟೆ ಎರವಲು ಕೊಡೋ ಕೇಂದ್ರ ಇದೆ. ಅಲ್ಲೇ ತರೋಣ." ನನಗೆ ಪಿಚ್ಚೆನಿಸಿತು. "ತಾತ ಇರೋವಾಗ ಮೊಮ್ಮಗಳಿಗೆ ಎರವಲು ಕೋಲೇ? ಬೇಕಾದ್ರೆ ಸ್ಕೀ ತಗೊಂಡು ಬಾ, ಕೋಲು ನಾನು ಕೊಡಿಸ್ತೀನಿ," ಎಂದೆ.

ಅಂಗಡಿಯ ಹುಡುಗ ಪುಟ್ಟಿಯನ್ನು ಗೋಡೆಗೆ ನಿಲ್ಲಿಸಿ ಅಳೆದ. 130 ಸೆಂಟಿಮೀಟರ್. 105ರ ಕೋಲು ತಂದು ಕೊಟ್ಟ. ನನ್ನ ಕಣ್ಣು ಪಕ್ಕದಲ್ಲಿದ್ದ 120ರ ಕೋಲಿನ ಮೇಲಿತ್ತು. ಬೆಲೆ ಹೆಚ್ಚುಕಡಿಮೆ ಒಂದೇ! ಹುಡುಗ ತಲೆಯಾಡಿಸಿದ, ಬೇಡ ಎಂದ. ಮಗಳೂ ಬೇಡ ಎಂದಳು. ನಾನು ಬಿಡಲಿಲ್ಲ. "ಬೆಳೆಯೋ ಹುಡುಗಿ. ಮೂರು ವರ್ಷಕ್ಕಾಗುತ್ತೆ. ಕೋಲು ಅಂದ್ರೆ ಕೋಲು, ಅದಕ್ಕೇನು ಅಳತೆ?" ಎಂದು 120ರದ್ದನ್ನೇ ಕಟ್ಟಿಸಿಕೊಂಡೆ. ಅದನ್ನು ನೆಟ್ಟರೆ ತುದಿ ಪುಟ್ಟಿಯ ಕಣ್ಣಿನ ಮಟ್ಟಕ್ಕೆ ಬರುತ್ತಿತ್ತು.

ನಾಲ್ಕು ದಿನ ಮನೆಯ ಹತ್ತಿರದ ಮೈದಾನದಲ್ಲಿ ಅಭ್ಯಾಸ ಮಾಡಿಸಿದೆ. ಎರಡನೆಯ ದಿನವೇ ಅವಳು, "ತಾತ, ತೋಳು ನೋಯ್ತಿದೆ, ಇಲ್ಲಿ ಮೇಲೆ," ಎಂದು ಭುಜ ತೋರಿಸಿದಳು. ಡ್ರಿಲ್ ಮೇಷ್ಟ್ರು ಏನು ಹೇಳಿಯಾನು? "ಹೊಸದರಲ್ಲಿ ಹಾಗೇ. ಅಭ್ಯಾಸ ಆದ್ರೆ ಸರಿಹೋಗುತ್ತೆ."

ಐದನೆಯ ದಿನ ಸಣ್ಣ ಇಳಿಜಾರಿನಲ್ಲಿ ಬಿದ್ದಳು. ದೊಡ್ಡ ಬೀಳು ಏನಲ್ಲ. ಆದರೆ ಬಲಗೈ ಕೋಲಿನ ಪಟ್ಟಿಯೊಳಗೆ ಸಿಕ್ಕಿಕೊಂಡಿತ್ತು. ಕೈ ಊರಿದಾಗ ಕೋಲು ಅಂಗೈಗೂ ನೆಲಕ್ಕೂ ನಡುವೆ ಸಿಕ್ಕಿ ಹೆಬ್ಬೆರಳನ್ನು ಹೊರಕ್ಕೆ ಎಳೆಯಿತು. ಮನೆಗೆ ಬರುವಷ್ಟರಲ್ಲಿ ಹೆಬ್ಬೆರಳಿನ ಬುಡ ಊದಿಕೊಂಡಿತ್ತು.

ನಾನು ಕೊಬ್ಬರಿ ಎಣ್ಣೆ ಬಿಸಿಗಿಟ್ಟೆ. ಎಷ್ಟು ಮಕ್ಕಳ ಉಳುಕು ತೆಗೆದಿಲ್ಲ ಈ ಕೈ! ಹೆಬ್ಬೆರಳು ಹಿಡಿದು ಲಟಕ್ಕನೆ ಎಳೆದರೆ ಆಯಿತು ಎಂದುಕೊಂಡಿದ್ದೆ. ಮಗಳು ಬಂದು ಎಣ್ಣೆಯ ಬಟ್ಟಲನ್ನು ಕಿತ್ತುಕೊಂಡಳು. ಜನ್ಮದಲ್ಲಿ ಮೊದಲ ಸಲ ನನ್ನ ಮೇಲೆ ದನಿ ಏರಿಸಿದಳು. "ಅಪ್ಪಾ, ಮುಟ್ಟಬೇಡಿ!"

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಮೂಳೆಗೂ ಮೂಳೆಗೂ ಕಟ್ಟಿದ ಹಗ್ಗದಂಥ ಲಿಗಮೆಂಟ್ ಎಂಬುದು ಇರುತ್ತದಲ್ಲ, ಹೆಬ್ಬೆರಳಿನ ಬುಡದಲ್ಲಿ ಅದು ಒಂದಿಷ್ಟು ಹರಿದಿತ್ತು. ಪೂರ್ತಿ ಹರಿದಿದ್ದರೆ ಆಪರೇಷನ್ ಬೇಕಾಗುತ್ತಿತ್ತು. ಎಳೆದು ತಿರುಚಿದ್ದರೆ ಇನ್ನಷ್ಟು ಹರಿಯುವ ಸಂಭವವಿತ್ತು ಎಂದರು ಡಾಕ್ಟರಮ್ಮ. ನನಗೆ ಬೆವರಿತು, ಆ ಚಳಿಯಲ್ಲಿ.

ಆಮೇಲೆ ಅವರು ಪುಟ್ಟಿ ಜೊತೆಗೇ ತಂದಿದ್ದ ಕೋಲನ್ನು ನೋಡಿ ಕೇಳಿದರು, "ಇದು ಯಾರದು? ನಿಮ್ಮಮ್ಮನದಾ?"

ಪುಟ್ಟಿ ಹೇಳಿದಳು, "ಅಲ್ಲ, ನನ್ನದೇ. ಮೂರು ವರ್ಷಕ್ಕಾಗೋ ಕೋಲು."

ಡಾಕ್ಟರಮ್ಮ ನನ್ನ ಕಡೆ ನೋಡಿ ನಕ್ಕರು. ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಹೆಬ್ಬೆರಳಿಗೆ ನಾಲ್ಕು ವಾರ ಪಟ್ಟಿ. ಸ್ಕೀ ದಿನ ತಪ್ಪಿತು. ಆ ನಾಲ್ಕು ವಾರ ನಾನು ಬೇರೆ ಕೆಲಸ ಮಾಡಲಿಲ್ಲ. ಅಂಗಡಿಗೆ ಹೋಗಿ ಆ ಹುಡುಗನ ಮುಂದೆ ಶಿಷ್ಯನಾಗಿ ಕೂತೆ, ಡಾಕ್ಟರಮ್ಮನನ್ನು ಕೇಳಿದೆ, ಕಾಡಿನ ದಾರಿಯಲ್ಲಿ ನಿಂತು ಜನರ ತೋಳು ಹೇಗೆ ಆಡುತ್ತದೆ ನೋಡಿದೆ. ಕಲಿತದ್ದು ಇದು.

ನಮ್ಮ ಹಳ್ಳಿಯ ಬೋರಿಂಗ್ ನೆನಪು ಮಾಡಿಕೊಳ್ಳಿ. ಅದರ ಹಿಡಿ ದೊಡ್ಡವರ ಎತ್ತರಕ್ಕಿರುತ್ತದೆ. ಸಣ್ಣ ಮಗು ನೀರು ಹೊಡೆಯಬೇಕಾದರೆ ಕೈಯನ್ನು ತಲೆಯ ಮೇಲಕ್ಕೆತ್ತಿ, ಭುಜವನ್ನು ಕಿವಿಗೆ ಅಂಟಿಸಿಕೊಂಡು, ಜೋತುಬಿದ್ದು ಎಳೆಯಬೇಕು. ಒಂದು ಕೊಡಕ್ಕೇ ಸುಸ್ತು. ಉದ್ದದ ಸ್ಕೀ ಕೋಲೂ ಹಾಗೆಯೇ. ಪ್ರತಿ ಸಲ ನೆಡುವಾಗಲೂ ಕೈ ಭುಜಕ್ಕಿಂತ ಮೇಲೆ ಹೋಗಬೇಕು. ಒಂದು ಸುತ್ತಿನಲ್ಲಿ ನೂರಾರು ಸಲ. ಭುಜದ ಕೀಲನ್ನು ಹಿಡಿದಿಟ್ಟಿರುವ ಸಣ್ಣ ಸ್ನಾಯುಗಳು ದಣಿಯುತ್ತವೆ, ನೋಯುತ್ತವೆ. ದಣಿದ ಕೈ ಬೀಳುವಾಗ ಎಚ್ಚರದಲ್ಲಿರುವುದಿಲ್ಲ. ಪುಟ್ಟಿಯ ಭುಜದ ನೋವು ನನಗೆ ಕೊಟ್ಟ ಮೊದಲ ಎಚ್ಚರಿಕೆ. ನಾನು ಕೇಳಿಸಿಕೊಳ್ಳಲಿಲ್ಲ.

ಕೋಲು ತೀರಾ ಗಿಡ್ಡವಾದರೂ ತೊಂದರೆಯೇ. ಆಗ ಬೆನ್ನು ಬಗ್ಗುತ್ತದೆ. ಹಾಗಾದರೆ ಸರಿಯಾದ ಅಳತೆ ಯಾವುದು?

ಸ್ಕೀಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬೆಟ್ಟದ ಇಳಿಜಾರಿನಲ್ಲಿ ಜಾರುವುದು. ಇದಕ್ಕೆ ಗಿಡ್ಡ ಕೋಲು. ಸ್ಕೀ ಬೂಟು ಹಾಕಿಕೊಂಡು ನಿಂತು, ಕೋಲನ್ನು ತಲೆಕೆಳಗು ಮಾಡಿ ಹಿಡಿಯನ್ನು ನೆಲಕ್ಕೂರಿ. ಕೋಲಿನ ಚೂಪು ತುದಿಯ ಹತ್ತಿರ ತಟ್ಟೆಯಂಥದ್ದು ಒಂದಿರುತ್ತದೆ, ಅದಕ್ಕೆ ತಾಗುವಂತೆ ಕೈ ಹಿಡಿಯಿರಿ. ಮೊಣಕೈ ಲಂಬಕೋನದಲ್ಲಿ ಮಡಚಿದ್ದರೆ ಕೋಲು ಸರಿ. ಲೆಕ್ಕ ಬೇಕೆನ್ನುವವರು ನಿಮ್ಮ ಎತ್ತರವನ್ನು 0.7ರಿಂದ ಗುಣಿಸಿ. 130 ಸೆಂ.ಮೀ. ಎತ್ತರದ ಮಗುವಿಗೆ 91 ಬರುತ್ತದೆ. 90ರ ಕೋಲು ಸಾಕು.

ಇನ್ನೊಂದು, ಪುಟ್ಟಿ ಕಲಿಯುತ್ತಿರುವ ಕ್ರಾಸ್ ಕಂಟ್ರಿ. ಕಾಡು ಮೇಡುಗಳಲ್ಲಿ, ಹಿಮದಲ್ಲಿ ಕೊರೆದ ಎರಡು ಗೆರೆಗಳಲ್ಲಿ, ನಡಿಗೆಯ ಹಾಗೆ ಕಾಲು ಹಿಂದುಮುಂದು ಮಾಡುತ್ತ ದೂರ ಸಾಗುವುದು. ಇದಕ್ಕೆ ಕ್ಲಾಸಿಕ್ ಶೈಲಿ ಎನ್ನುತ್ತಾರೆ. ಇಲ್ಲಿ ಕೋಲು ಭುಜದ ಮಟ್ಟಕ್ಕಿರಬೇಕು. ಹೊಸಬರಿಗೆ ಒಂದಿಷ್ಟು ಕಡಿಮೆಯಾದರೂ ಸರಿ, ಹೆಚ್ಚು ಬೇಡ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೂ ಕ್ಲಾಸಿಕ್ ಶೈಲಿಯ ಕೋಲು ಆಟಗಾರರ ಎತ್ತರದ ಶೇ 83ನ್ನು ಮೀರಬಾರದು ಎಂಬ ನಿಯಮವಿದೆ. ಸ್ಕೇಟಿಂಗ್ ಮಾಡಿದಂತೆ ಕಾಲನ್ನು ಅಗಲಿಸಿ ಓಡುವ ಶೈಲಿಗೆ ಮಾತ್ರ ಕೋಲು ಗಲ್ಲದ ತನಕ, ತುಟಿಯ ತನಕ ಬರಬಹುದು.

ಪುಟ್ಟಿ ಎಡಗೈಯಲ್ಲಿ ಲೆಕ್ಕ ಮಾಡಿ ನನ್ನ ಮುಂದಿಟ್ಟಳು. 130 ಗುಣಿಸು 0.83: ಸುಮಾರು 108. "ತಾತ, ನೀನು ತಂದ 120ರ ಕೋಲು 145 ಸೆಂಟಿಮೀಟರ್ ಇರೋರಿಗೆ. ನಾನು ಇನ್ನೂ 15 ಬೆಳೀಬೇಕು." ಅಂದರೆ ಮೂರು ವರ್ಷಕ್ಕೆ ಆಗುವ ಕೋಲಲ್ಲ, ಮೂರು ವರ್ಷ ಆದಮೇಲೆ ಆಗುವ ಕೋಲು.

ಅಳತೆಯೊಂದೇ ಸಾಲದು. ಇನ್ನೂ ಕೆಲವು ಇವೆ.

ಹಿಡಿ: ದಪ್ಪ ಕೈಗವಸು ಹಾಕಿಕೊಂಡೇ ಹಿಡಿದು ನೋಡಬೇಕು. ಬೆರಳುಗಳು ಸುತ್ತಲೂ ಸಲೀಸಾಗಿ ಬರಬೇಕು. ಹಿಡಿ ತೀರಾ ದಪ್ಪವಾದರೆ ಮಗು ಗಟ್ಟಿಯಾಗಿ ಹಿಸುಕುತ್ತದೆ, ಮುಂದೋಳು ಮೊಣಕೈ ನೋಯುತ್ತವೆ.

ಪಟ್ಟಿ: ಕೈಯನ್ನು ಪಟ್ಟಿಯ ಕೆಳಗಿನಿಂದ ಮೇಲಕ್ಕೆ ತೂರಿಸಿ, ಆಮೇಲೆ ಪಟ್ಟಿಯನ್ನೂ ಹಿಡಿಯನ್ನೂ ಒಟ್ಟಿಗೆ ಹಿಡಿಯಬೇಕು. ಆಗ ಭಾರ ಮಣಿಕಟ್ಟಿನ ಮೇಲೆ ಬೀಳುತ್ತದೆ, ಹಿಸುಕಬೇಕಾಗಿಲ್ಲ. ಕ್ರಾಸ್ ಕಂಟ್ರಿ ಕೋಲುಗಳಲ್ಲಿ ಎಡ, ಬಲ ಎಂದು ಗುರುತಿರುತ್ತದೆ, ಅದಲುಬದಲು ಮಾಡಬಾರದು. ಇಳಿಜಾರಿನಲ್ಲಿ ಜಾರುವ ಆಟದಲ್ಲಿ, ಮರಗಳ ನಡುವೆ ಹೋಗುವಾಗ ಮತ್ತು ಬೆಟ್ಟಕ್ಕೆ ಒಯ್ಯುವ ಲಿಫ್ಟ್ ಹತ್ತುವಾಗ ಪಟ್ಟಿಯಿಂದ ಕೈ ತೆಗೆದುಬಿಡಬೇಕು. ಕೋಲು ಎಲ್ಲಾದರೂ ಸಿಕ್ಕಿಕೊಂಡರೆ ಕೋಲು ಅಲ್ಲೇ ಉಳಿಯಲಿ; ಅದರ ಜೊತೆ ತೋಳು ಎಳೆಯುವುದು ಬೇಡ. ಜೋರಾಗಿ ಎಳೆದರೆ ತಾನೇ ಕಳಚಿಕೊಳ್ಳುವ ಪಟ್ಟಿಗಳೂ ಬಂದಿವೆ.

ತುದಿಯ ತಟ್ಟೆ: ಮೆತ್ತನೆಯ ಹಿಮಕ್ಕೆ ಅಗಲ ತಟ್ಟೆ, ಗಟ್ಟಿ ದಾರಿಗೆ ಚಿಕ್ಕದು. ತಟ್ಟೆ ಚಿಕ್ಕದಾಗಿ ಕೋಲು ಹಿಮದೊಳಗೆ ಹೂತುಕೊಂಡರೆ ಮೈ ಮುಂದೆ ಹೋಗುತ್ತದೆ, ಕೈ ಹಿಂದೆ ಉಳಿಯುತ್ತದೆ. ಭುಜಕ್ಕೆ ಜಗ್ಗು ಬೀಳುವುದು ಹೀಗೆ.

ತೂಕ: ಹಗುರವಾದಷ್ಟೂ ತೋಳಿಗೆ ಸುಖ. 1958ರಲ್ಲಿ ಅಮೆರಿಕದ ಎಡ್ ಸ್ಕಾಟ್ ಎಂಬುವರು ತುದಿಯ ಕಡೆ ಸಣ್ಣಗಾಗುವ ಅಲ್ಯೂಮಿನಿಯಂ ಕೋಲು ಮಾಡಿದರು; ಅದಕ್ಕೆ ಮುಂಚೆ ಬಿದಿರಿನ ಕೋಲು, ಉಕ್ಕಿನ ಕೋಲು. ಈಗ ಕಾರ್ಬನ್ ಕೋಲುಗಳು ಇನ್ನೂ ಹಗುರ. ಆದರೆ ಕಾರ್ಬನ್ ಏಟು ತಿಂದರೆ ಹೇಳದೆ ಕೇಳದೆ ಮುರಿಯುತ್ತದೆ, ಅಲ್ಯೂಮಿನಿಯಂ ಬಾಗುತ್ತದೆ. ಮಕ್ಕಳಿಗೆ ಅಲ್ಯೂಮಿನಿಯಂ ಸಾಕು.

ಉದ್ದ ಹೆಚ್ಚು ಕಡಿಮೆ ಮಾಡುವ ಕೋಲೂ ಸಿಗುತ್ತದೆ. ನನ್ನಂಥ ಲೆಕ್ಕಾಚಾರದ ತಾತಂದಿರಿಗೆ ಅದೇ ಸರಿ. ಸ್ವಲ್ಪ ಭಾರ, ನಿಜ. ಬೀಗ ಬಿಗಿಯಾಗಿದೆಯೇ ಎಂದು ಪ್ರತಿ ಸಲ ಊರಿ ನೋಡಬೇಕು.

ಕೊನೆಯದು, ಎಲ್ಲಕ್ಕಿಂತ ದೊಡ್ಡದು. ಬೀಳುವಾಗ ಕೋಲು ಬಿಟ್ಟುಬಿಡಿ. ಅಂಗೈ ಊರಬೇಡಿ. ಪಕ್ಕಕ್ಕೆ, ಕೂತುಕೊಂಡ ಹಾಗೆ ಬೀಳಿ. ಬೀಳುವ ಗಾಬರಿಯಲ್ಲಿ ಕೈ ತಾನಾಗಿ ಮುಷ್ಟಿ ಬಿಗಿಯುತ್ತದೆ. ಆದ್ದರಿಂದ ಮನೆಯಲ್ಲೇ ಹಾಸಿಗೆಯ ಮೇಲೆ ಬಿದ್ದು ಕೋಲು ಬಿಡುವ ಅಭ್ಯಾಸ ಮಾಡಬೇಕು. ಪುಟ್ಟಿಗೆ ಬಂದ ನೋವಿಗೆ ವೈದ್ಯರು 'ಸ್ಕೀಯರ್ಸ್ ಥಂಬ್', ಎಂದರೆ ಸ್ಕೀಗಾರರ ಹೆಬ್ಬೆರಳು ಎಂದೇ ಹೆಸರಿಟ್ಟಿದ್ದಾರೆ. ಅಷ್ಟು ಮಾಮೂಲಿ ಅದು. ಹೆಬ್ಬೆರಳಿನ ಬುಡ ಊದಿ, ಬೀಗದ ಕೈ ಹಿಡಿದು ತಿರುಗಿಸಲೂ ಆಗದಿದ್ದರೆ ಡಾಕ್ಟರ ಬಳಿ ಹೋಗಲೇಬೇಕು. ಎಣ್ಣೆಯ ಬಟ್ಟಲು ಅಡುಗೆಮನೆಯಲ್ಲೇ ಇರಲಿ.

ಇನ್ನೊಂದು ವಿಷಯ ಅಲ್ಲಿ ನೋಡಿದೆ. ನಾರ್ವೆಯ ಪುಟಾಣಿಗಳು ಮೊದಮೊದಲು ಕೋಲೇ ಇಲ್ಲದೆ ಕಲಿಯುತ್ತಾರೆ. ಮೊದಲು ಕಾಲು ನಿಲ್ಲಲಿ, ಕೋಲು ಆಮೇಲೆ ಬರಲಿ ಎಂಬ ಲೆಕ್ಕ. ಕಂಜೂಸುತನ ಎಂದುಕೊಂಡಿದ್ದೆ ನಾನು!

ಪುಟ್ಟಿಗೆ ಪಟ್ಟಿ ಕಟ್ಟಿದ್ದ ದಿನಗಳಲ್ಲಿ ಅವಳ ಟೀಚರ್ ಒಂದು ಕಥೆ ಹೇಳಿ ಕಳಿಸಿದ್ದರು. ನಾರ್ವೆಯ ಉತ್ತರದ ಒಂದು ದ್ವೀಪದಲ್ಲಿ ಬಂಡೆಯ ಮೇಲೆ ಸಾವಿರಾರು ವರ್ಷ ಹಿಂದೆ ಕೊರೆದ ಚಿತ್ರವಿದೆ: ಉದ್ದನೆಯ ಸ್ಕೀ ಮೇಲೆ ನಿಂತ ಒಬ್ಬ, ಕೈಯಲ್ಲಿ ಒಂದೇ ಕೋಲು. 1994ರಲ್ಲಿ ಲಿಲ್ಲೆಹ್ಯಾಮರ್ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಕ್ರೀಡೆಗಳ ಗುರುತಿನ ಚಿತ್ರಗಳಿಗೆ ಅದೇ ಸ್ಫೂರ್ತಿ. 2016ರಲ್ಲಿ ಕೆಲವು ಹುಡುಗರು ಚಿತ್ರ ಮಸುಕಾಗಿದೆ, ಚೆನ್ನಾಗಿ ಕಾಣಲಿ ಎಂದು ಗೆರೆಗಳ ಮೇಲೆಯೇ ಮತ್ತೆ ಕೆರೆದರು. ಚಿತ್ರ ಕೆಟ್ಟಿತು. ಕಥೆ ಕೇಳಿ ಪುಟ್ಟಿ, "ಅವರೂ ಒಳ್ಳೇದು ಮಾಡೋಕೇ ಹೋಗಿದ್ದು ಅಲ್ವಾ ತಾತ?" ಎಂದಳು. ಬೇಕೆಂದೇ ಹೇಳಿದಳೋ, ಸುಮ್ಮನೆ ಹೇಳಿದಳೋ!

ನಾನು ಸಪ್ಪಗಿದ್ದೆನೆಂದು ಮತ್ತೊಂದು ಕಥೆಯನ್ನು ಅವಳೇ ಹುಡುಕಿ ತಂದಳು. 2006, ಇಟಲಿಯ ಟುರಿನ್ ಒಲಿಂಪಿಕ್ಸ್. ಕ್ರಾಸ್ ಕಂಟ್ರಿ ಓಟದ ನಡುವೆ ಕೆನಡಾದ ಸಾರಾ ರೆನ್ನರ್ ಅವರ ಕೋಲು ಮುರಿಯಿತು. ದಾರಿಯ ಬದಿ ನಿಂತಿದ್ದ ಒಬ್ಬರು ಚಟ್ಟನೆ ಬೇರೊಂದು ಕೋಲು ಕೊಟ್ಟರು. ಅದು ಅವರ ಅಳತೆಗಿಂತ ಉದ್ದ. ಆದರೂ ಅದರಲ್ಲೇ ಓಡಿದರು, ಕೆನಡಾಗೆ ಬೆಳ್ಳಿ ಬಂತು. ಕೋಲು ಕೊಟ್ಟವರು ಯಾರು ಗೊತ್ತೇ? ಎದುರಾಳಿ ನಾರ್ವೆ ತಂಡದ ಕೋಚ್! ನಾರ್ವೆ ನಾಲ್ಕನೆಯ ಸ್ಥಾನಕ್ಕಿಳಿಯಿತು. ಕೆನಡಾದ ಜನ ಕೃತಜ್ಞತೆಗೆ ಟನ್‌ಗಟ್ಟಲೆ ಮೇಪಲ್ ಸಿರಪ್ ಕಳಿಸಿದರಂತೆ. "ನೋಡು ತಾತ, ಉದ್ದ ಕೋಲಲ್ಲೂ ಬೆಳ್ಳಿ ಬರುತ್ತೆ," ಎಂದು ಪುಟ್ಟಿ ನನ್ನ ಕೆನ್ನೆ ಸವರಿದಳು. ಮಕ್ಕಳು ದೊಡ್ಡವರನ್ನು ಎಷ್ಟು ಬೇಗ ಕ್ಷಮಿಸಿಬಿಡುತ್ತಾರೆ!

ಇದೆಲ್ಲ ನಮಗೇಕೆ, ನಮ್ಮೂರಲ್ಲಿ ಹಿಮವೇ ಇಲ್ಲವಲ್ಲ ಎನ್ನಬೇಡಿ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಇದೇ ಕ್ರಾಸ್ ಕಂಟ್ರಿಯಲ್ಲಿ, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಪದಕ ತಂದವರು. ರಜೆಯಲ್ಲಿ ಗುಲ್ಮಾರ್ಗ್, ಔಲಿ ಕಡೆ ಹೋಗುವ ಕುಟುಂಬಗಳೂ ಹೆಚ್ಚಿವೆ. ಅಲ್ಲಿ ಬಾಡಿಗೆಗೆ ಕೋಲು ತೆಗೆದುಕೊಳ್ಳುವಾಗ ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳಬೇಡಿ. ತಲೆಕೆಳಗು ಮಾಡಿ, ಮೊಣಕೈ ನೋಡಿ. ಎರಡೂ ಕೋಲು ಒಂದೇ ಉದ್ದ ಇವೆಯೇ ಎಂದೂ ನೋಡಿ.

ಹೋಗದಿದ್ದವರ ಮನೆಯಲ್ಲೂ ಒಂದು ಕೋಲು ಇದ್ದೇ ಇರುತ್ತದೆ. ಅದರ ಕಥೆ ಹೇಳಿ ಮುಗಿಸುತ್ತೇನೆ.

ಅಳತೆ ಪಟ್ಟಿ ಕೈಗೆ ಬಂದ ಮೇಲೆ ಪುಟ್ಟಿ ಮನೆಯಲ್ಲಿ ಏನನ್ನೂ ಬಿಡಲಿಲ್ಲ. ಒಂದು ಸಂಜೆ ಅಜ್ಜಿಯ ಊರುಗೋಲು ಹಿಡಿದಳು. ಬೀಟೆ ಮರದ್ದು, ನಮ್ಮಪ್ಪ ಬಳಸುತ್ತಿದ್ದದ್ದು. ಅವರು ತೆಂಗಿನ ಮರದಂತಿದ್ದರು, ನಮ್ಮ ಮನೆಯವರು ಗಿಡ್ಡ. ಎರಡು ವರ್ಷದಿಂದ ಅವರಿಗೆ ಬಲ ಭುಜ, ಕುತ್ತಿಗೆ ನೋವು. ವಯಸ್ಸು ಎಂದು ನಾವಿಬ್ಬರೂ ಸುಮ್ಮನಿದ್ದೆವು. ಪುಟ್ಟಿ ಅಳೆದು ಹೇಳಿದಳು: "ಅಜ್ಜಿ, ನಿನ್ನದೂ ಮೂರು ವರ್ಷಕ್ಕಾಗೋ ಕೋಲು. ಎಂಟು ಸೆಂಟಿಮೀಟರ್ ಜಾಸ್ತಿ. ಆದ್ರೆ ನೀನು ಬೆಳೆಯಲ್ಲ."

ಮಾವನವರ ಕೋಲು, ಕತ್ತರಿಸುವುದೇ? ನಾನು ಹಿಂದುಮುಂದು ನೋಡಿದೆ. ನಮ್ಮ ಮನೆಯವರೇ, "ಕತ್ತರಿಸಿ. ಮಾವನವರು ಇದ್ದಿದ್ರೆ ಅವರೇ ಗರಗಸ ತರ್ತಿದ್ರು," ಎಂದರು. ಅಳಿಯ ಕತ್ತರಿಸಿ ಹೊಸ ರಬ್ಬರ್ ಬೂಚು ಹಾಕಿದರು. ನೋವು ಪೂರ್ತಿ ಹೋಯಿತು ಎನ್ನಲಾರೆ. ಆದರೆ ಭುಜವನ್ನು ಕಿವಿಗೆ ಅಂಟಿಸಿಕೊಂಡು ನಡೆಯುವುದು ನಿಂತಿದೆ.

ಮಕ್ಕಳೇ, ಈ ವಾರದ ನಿಮ್ಮ ಕೆಲಸ ಇದೇ. ಅಜ್ಜನನ್ನೋ ಅಜ್ಜಿಯನ್ನೋ ಅವರು ನಡೆಯುವಾಗ ಹಾಕುವ ಚಪ್ಪಲಿ ಹಾಕಿಸಿ ನೆಟ್ಟಗೆ ನಿಲ್ಲಿಸಿ. ತೋಳು ಸಡಿಲವಾಗಿ ಇಳಿಬಿಡಲಿ. ಮಣಿಕಟ್ಟಿನ ಒಳಗಡೆ ಒಂದು ಗೆರೆ ಕಾಣುತ್ತದಲ್ಲ, ನೆಲದಿಂದ ಅಲ್ಲಿಗೆ ಅಳೆಯಿರಿ. ಊರುಗೋಲಿನ ಹಿಡಿ ಆ ಮಟ್ಟಕ್ಕಿರಬೇಕು. ಹಿಡಿದಾಗ ಮೊಣಕೈ ಸ್ವಲ್ಪವೇ ಬಾಗಿರಬೇಕು. ನೋವಿರುವ ಕಾಲಿನ ಎದುರು ಕೈಯಲ್ಲಿ ಕೋಲು ಹಿಡಿಯಬೇಕು. ತುದಿಯ ರಬ್ಬರ್ ಸವೆದಿದೆಯೇ ನೋಡಿ. ಗರಗಸ ಮಾತ್ರ ದೊಡ್ಡವರೇ ಹಿಡಿಯಲಿ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಕೆಲಸ. ಮಗು "ನೋಯ್ತಿದೆ" ಎಂದರೆ, ಅಭ್ಯಾಸ ಆದರೆ ಸರಿಹೋಗುತ್ತದೆ ಎನ್ನುವ ಮುಂಚೆ ಒಮ್ಮೆ ಅದರ ಕೈಯಲ್ಲಿರುವ ವಸ್ತುವನ್ನು ನೋಡಿ. ಬ್ಯಾಟಾಗಲಿ, ಸೈಕಲ್ಲಾಗಲಿ, ಬೆನ್ನಿನ ಬ್ಯಾಗಾಗಲಿ.

ನಾವು ಊರಿಗೆ ಹೊರಡುವ ಹಿಂದಿನ ಭಾನುವಾರ ಪುಟ್ಟಿ ಎರವಲು ತಂದ 105ರ ಕೋಲು ಹಿಡಿದು ಕಾಡಿನ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದಳು. ಒಂದು ಸಲ ಬಿದ್ದಳು. ಕೋಲು ಎರಡೂ ಒಂದೊಂದು ದಿಕ್ಕಿಗೆ ಹಾರಿದವು. ನಾನು ಚಪ್ಪಾಳೆ ತಟ್ಟಿದೆ.

120ರ ಕೋಲು ಅವಳ ಕೋಣೆಯ ಮೂಲೆಯಲ್ಲಿ ನಿಂತಿದೆ. ಪ್ರತಿ ತಿಂಗಳು ಒಂದನೇ ತಾರೀಖು ಫೋನ್ ಬರುತ್ತದೆ. ಮೊನ್ನೆ ಹೇಳಿದಳು, "ತಾತ, 134 ಆದೆ. ಇನ್ನು ಹನ್ನೊಂದೇ!"

ಬರುವ ವಾರ ಮತ್ತೆ ಸಿಗೋಣ.